ಒಂದು ಮಹಡಿ ಮೇಲೆ

ಹಲೋ... ಯಾರು ಮಾತಾಡೋದು? ಕುಡಿತ ಬಿಡೋರ ಸಭೆಯವರೇ ತಾನೇ?...

ಹಾಂ, ಹೆಸರು ಹೇಳಲ್ಲ ಅಂತ ಗೊತ್ತು. ನಿಮ್ಮ ಹೆಸರು ಕಟ್ಟಿಕೊಂಡು ನನಗೇನಾಗಬೇಕು. ಮೊನ್ನೆ ಫೋನಲ್ಲಿ ನನಗೆ ದಾರಿ ಹೇಳಿದ ಪುಣ್ಯಾತ್ಮ ನೀವೇನಾ, ಅಷ್ಟು ಹೇಳಿ ಸಾಕು...

ನೀವೇ. ಒಳ್ಳೇದಾಯ್ತು. ಲಿಫ್ಟ್ ರಿಪೇರಿಯವನು ಅಂದಿದ್ನಲ್ಲ, ಅವನೇ ನಾನು. ಏನು ಹೇಳಿದ್ರಿ ನೀವು? ಹೊಲಿಗೆ ಕ್ಲಾಸಿನ ಕಟ್ಟಡ, ಎರಡನೇ ಮಹಡಿ, ಸಂಜೆ ಆರಕ್ಕೆ. ಅಲ್ವಾ?...

ಹಾಗಾದ್ರೆ ನಿನ್ನೆ ಎರಡನೇ ಮಹಡಿಯಲ್ಲಿ ನಿಮ್ಮೋರು ಒಬ್ಬರೂ ಯಾಕಿರಲಿಲ್ಲ?...

ಏನು? ನೆಲದಿಂದಲೇ ಒಂದು ಅಂತ ಎಣಿಸೋದಾ? ರೀ, ಇಪ್ಪತ್ತೆರಡು ವರ್ಷದಿಂದ ಲಿಫ್ಟಿನ ಗುಂಡಿಯೊಳಗೆ ಇಳಿದು ಹತ್ತಿದೋನು ನಾನು. ನಮ್ಮಲ್ಲಿ ನೆಲ ಅಂದ್ರೆ ಸೊನ್ನೆ. ಅದರ ಮೇಲಿನದು ಒಂದು, ಅದಕ್ಕೂ ಮೇಲಿನದು ಎರಡು, ನಾನು ಹತ್ತಿ ಹೋಗಿದ್ದು ಅಲ್ಲಿಗೆ. ಯಾವ ಲಿಫ್ಟಿಗೆ ಬೇಕಾದ್ರೂ ಹೋಗಿ ನೋಡಿ...

ಅಲ್ಲಿ ಯಾರಿದ್ರು ಅಂತ ನನ್ನನ್ನೇ ಕೇಳ್ತೀರಾ? ಕುಡುಕರ ಹೆಂಡತಿಯರು, ಅಮ್ಮಂದಿರು, ಯಾರದೋ ಮಾವ ಒಬ್ಬರು. ಮನೆಯವರ ಸಭೆಯಂತೆ ಅದು. ಹೊಲಿಗೆ ಮಷಿನ್‌ಗಳನ್ನೆಲ್ಲ ಗೋಡೆಗೆ ತಳ್ಳಿ ಸುತ್ತ ಕುರ್ಚಿ ಹಾಕ್ಕೊಂಡು ಕೂತಿದ್ರು. ಒಳಗೆ ಕಾಲಿಟ್ಟ ತಕ್ಷಣ ಕೈಗೆ ಟೀ ಕೊಟ್ಟು, ನಿಮ್ಮನೇಲಿ ಕುಡಿಯೋದು ಯಾರಣ್ಣಾ ಅಂದ್ರು...

ಏನು ಹೇಳಲಿ? ಹದಿನೈದು ಜನ ಹೆಂಗಸರು ನನ್ನ ಬಾಯಿ ನೋಡ್ತಾ ಇದ್ದಾರೆ. ನನ್ನ ತಮ್ಮ ಅಂದೆ...

ಎಲ್ಲಿಯ ತಮ್ಮ ರೀ. ನಮ್ಮಪ್ಪ ಅಮ್ಮನಿಗೆ ನಾನೊಬ್ಬನೇ...

ನಗಬೇಡಿ... ಹಾಂ, ಕೆಮ್ಮು. ಯಾವ ಕೆಮ್ಮು ಅಂತ ನನಗೂ ಗೊತ್ತಾಗುತ್ತೆ...

ಅದೆಲ್ಲ ಬಿಡಿ. ನಿಮ್ಮಿಂದ ಆಗಬೇಕಾದ್ದು ಒಂದೇ ಕೆಲಸ. ನಮ್ಮನೆಯವಳಿಗೆ ಫೋನ್ ಮಾಡಿ, ನಿಮ್ಮ ಯಜಮಾನರು ಸಭೆಗೆ ಬಂದಿದ್ರಮ್ಮ ಅಂತ ಹೇಳಿ. ಹನ್ನೊಂದು ದಿನ ಆಯ್ತು ಅವಳು ಬಾಗಿಲು ತೆಗೆದು. ಸಭೆಗೆ ಹೋಗಿ, ಹೋಗಿದ್ದು ನಿಜ ಅಂತ ಅಲ್ಲಿಯೋರು ಹೇಳಲಿ, ಆಮೇಲೆ ಒಳಗೆ ಬನ್ನಿ ಅಂದಿದ್ದಾಳೆ. ನನ್ನ ಮಾತಿಗೆ ಆ ಮನೇಲಿ ಮೂರು ಕಾಸಿನ ಬೆಲೆ ಇಲ್ಲ. ಲಿಫ್ಟಿನ ಮೋಟಾರ್ ರೂಮಲ್ಲಿ ಗೋಣಿಚೀಲ ಹಾಸ್ಕೊಂಡು ಮಲಗ್ತಿದ್ದೀನಿ...

ಹೇಳಲ್ವಾ? ಯಾಕೆ ಹೇಳಲ್ಲ?...

ಯಾರು ಬಂದ್ರು, ಯಾರು ಬಿಟ್ರು ಅಂತ ಹೊರಗಿನೋರಿಗೆ ಹೇಳೋ ಹಾಗಿಲ್ಲ. ಭೇಷ್. ಹೇಳಿ ಅಂತ ನಾನೇ ಬಾಯ್ಬಿಟ್ಟು ಕೇಳ್ತಿದ್ದೀನಲ್ಲ. ಗುಟ್ಟು ನಂದು, ಹೆಂಡತಿ ನನ್ನೋಳು. ಮಧ್ಯೆ ನಿಮ್ಮದೇನು ತಕರಾರು?...

ನಿಮ್ಮ ನಿಯಮ ತಗೊಂಡು ಹೋಗಿ ಒಲೆಗೆ ಹಾಕಿ...

ನಾನು ಬಂದೇ ಇಲ್ಲ ಅಂತೀರಾ? ಮನೆಯವರ ಸಭೆಗೆ ಹೋದ್ರೂ ಬಂದ ಹಾಗೇ ಅಲ್ವಾ ಅದು? ಒಂದೂಕಾಲು ಗಂಟೆ ಕೂತಿದ್ದೆ ರೀ. ಮಾತಾಡಿದೆ ಕೂಡ...

ಏನು ಅಂದ್ರೆ... ನಂದೇ ಮಾತಾಡಿದೆ. ತಮ್ಮ, ತಮ್ಮ ಅಂದ್ಕೊಂಡು ಎಲ್ಲ ನಂದೇ ಹೇಳಿದೆ. ಮಗಳ ಸ್ಕೂಲಿನ ಗೇಟಿನ ಮುಂದೆ ಬಿದ್ದಿದ್ದು. ಒಂದು ದಿನ ಲಿಫ್ಟಿನ ಬ್ರೇಕ್ ಬಿಗಿ ಮಾಡದೇನೇ ಎದ್ದು ಹೋಗಿ ಕುಡೀತಾ ಕೂತಿದ್ದು. ಅವತ್ತು ಯಾರೂ ಹತ್ತಲಿಲ್ಲ, ಬಚಾವಾದೆ. ಇದನ್ನ ಹೆಂಡತಿ ಹತ್ರಾನೂ ಹೇಳಿಲ್ಲ ನಾನು. ನಾಚಿಕೆ ಆಗುತ್ತೆ ರೀ...

ಅಲ್ಲೊಬ್ಬರು ಅಜ್ಜಿ ಇದ್ರು. ಮಗನ ದೆಸೆಯಿಂದ ಬರೋದಂತೆ. ನನ್ನ ಕೈ ಹಿಡ್ಕೊಂಡು, ಒಡಹುಟ್ಟಿದೋನು, ನಿನಗೆ ಹೊಟ್ಟೆ ಉರಿಯುತ್ತೆ ಮಗಾ, ಆದ್ರೂ ಅವನಾಗಿ ಬಿಡೋವರೆಗೂ ಬಾಗಿಲು ತೆಗೀಬೇಡ ಅಂದ್ರು. ಎಲ್ಲರೂ ಹೌದು ಹೌದು ಅಂದ್ರು...

ನಾನಾ? ನಾನೂ ತಲೆ ಆಡಿಸಿದೆ. ನಿಜ ಅಜ್ಜಿ, ಅಂಥೋನಿಗೆ ತೆಗೀಬಾರದು ಅಂದೆ. ಕೇಳಿಸ್ತಾ? ನನ್ನ ಬಾಯಿಂದಾನೇ. ಈಗ ಯಾವ ಮುಖ ಇಟ್ಕೊಂಡು ಹೋಗಿ ಬಾಗಿಲು ಬಡೀಲಿ ನಾನು? ಎಲ್ಲ ನಿಮ್ಮಿಂದ...

ಇವತ್ತಾ? ಮುಟ್ಟಿಲ್ಲ. ನಾಲ್ಕು ದಿನ ಆಯ್ತು. ಡಾಕ್ಟರಿಗೆ ತೋರಿಸಿದ್ದೀನಿ, ಮಾತ್ರೆ ಕೊಟ್ಟಿದ್ದಾರೆ...

ಎಲ್ಲಿದ್ದೀನಿ ಅಂತ ನಿಮಗ್ಯಾಕೆ? ನಿಮ್ಮ ಕಟ್ಟಡ ಇರೋ ಬೀದಿಯಲ್ಲೇ, ಈ ತುದಿಯಲ್ಲಿ. ನೀವಲ್ಲೇ ಕುರ್ಚಿ ಹಾಕ್ತಿದ್ದೀರಾ? ಹಾಕಿ. ಸಭೆಗೆ ಬರ್ತಿದ್ದೀನಿ ಅಂತ ಹಿಗ್ಗಬೇಡಿ. ಎದುರಿಗೆ ನಿಂತು ನಾಲ್ಕು ಮಾತು ಬೈಯೋಣ ಅಂತ ಬಂದೆ...

ಅರ್ಧ ಗಂಟೆಯಿಂದ ನಿಂತಿದ್ದೀನಿ ಇಲ್ಲಿ...

ಯಾಕೆ ಅಂದ್ರೆ? ಮಧ್ಯೆ ಅಂಗಡಿ ಇದೆಯಲ್ಲ ರೀ. ನಾನು ಕುಡೀತಿದ್ದ ಅಂಗಡಿ. ಬಾಗಿಲಲ್ಲಿ ನಮ್ಮ ಬೋಳ ನಿಂತಿದ್ದಾನೆ, ದಿನಾ ಜೊತೆಗೆ ಕೂರೋನು. ನನ್ನನ್ನ ನೋಡಿಬಿಟ್ಟ. ಕೈ ಬೀಸ್ತಿದ್ದಾನೆ, ದರಿದ್ರದೋನು...

ಉಪದೇಶ ಬೇಡ ನನಗೆ. ಕೆಳಗೆ ಇಳಿದು ಬರೋದೂ ಬೇಡ, ಮಗು ಅಲ್ಲ ನಾನು. ಫೋನ್ ಮಾತ್ರ ಇಡಬೇಡಿ. ಆ ಅಂಗಡಿ ದಾಟೋವರೆಗೂ ನಾನು ಬೈತಾ ಇರ್ತೀನಿ, ನೀವು ಹೂಂ ಅಂತಿರಿ...

ಹಾಂ, ಹೊರಟೆ... ನೀವೊಬ್ಬ ದಡ್ಡ ಶಿಖಾಮಣಿ. ಹೂಂ ಅನ್ನಿ... ಮೂರು ಮಹಡಿ ಎಣಿಸೋಕೆ ಬರದೋನು, ಊರಿಗೆಲ್ಲ ದಾರಿ ಹೇಳೋಕೆ ಕೂತಿದ್ದೀರಾ... ಜೋರಾಗಿ ಅನ್ನಿ, ಅವನು ಕರೀತಿರೋದೇ ಕೇಳಿಸ್ತಿದೆ... ಬೆಪ್ಪುತಕ್ಕಡಿ... ಇಲ್ಲ, ನಿಂತಿಲ್ಲ, ನಡೀತಿದ್ದೀನಿ... ತಲೆಯೊಳಗೆ ಮಣ್ಣು ತುಂಬಿದೋನು... ಹೂಂ?... ಹಲೋ?...

ಹೂಂ ಅನ್ರೀ... ಹಲೋ... ರೀ, ನಾನಿನ್ನೂ ದಾಟಿಲ್ಲ...