ಹರಿದುಕೊಳ್ಳದೆ ಉಳಿದ ಚೀಟಿ

ನಗೋರು ಈಗಲೇ ಎದ್ದುಹೋಗಿ ಮಲ್ಕೊಳ್ಳಿ. ಇದು ನಮ್ಮ ದೊಡ್ಡಪ್ಪನ ಮಗನಿಗೆ ಆಗಿದ್ದು. ಬೈಕ್ ಹತ್ತಿ ಒಬ್ಬನೇ ದೇಶದೇಶ ಸುತ್ತೋ ಹುಚ್ಚು ಅವನಿಗೆ. ಮನೇಲಿ ಎಲ್ಲರೂ ಅಲೆಮಾರಿ ಅಂತಲೇ ಕರೀತೀವಿ.

ಅವತ್ತು ಗಡಿ ಮುಟ್ಟಿದಾಗ ಹೊತ್ತು ಮುಳುಗ್ತಿತ್ತು. ಕೌಂಟರಿನ ಸಾಹೇಬನಿಗೆ ಹಿಂದಿನ ರೂಮಲ್ಲಿ ಇಸ್ಪೀಟು ಕಾಯ್ತಿತ್ತು. ಪಾಸ್‌ಪೋರ್ಟಿಗೆ ಧಪ್ ಅಂತ ಸೀಲು ಹೊಡೆದ, ಬೈಕಿನ ಕಾಗದ ನೋಡಿದ ಹಾಗೆ ಮಾಡಿದ, ಹೋಗು ಹೋಗು ಅಂತ ಆಚೆ ದಬ್ಬಿದ. ಮುಂದಿನ ದೇಶದ ಗೇಟು ನಾಲ್ಕು ಮೈಲಿ ದೂರ. ಅದು ಐದಕ್ಕೇ ಮುಚ್ಚಿರುತ್ತೆ ಅಂತ ಸಾಹೇಬನಿಗೆ ಚೆನ್ನಾಗಿ ಗೊತ್ತು... ಬಾಯಿ ಬಿಡಲಿಲ್ಲ, ಪಾಪಿ.

ಅಲೆಮಾರಿ ಅಲ್ಲೀತನಕ ಹೋಗಿ, ಬೀಗ ನೋಡಿ ವಾಪಸ್ ಬಂದು, ರಾತ್ರಿ ಮಟ್ಟಿಗೆ ಒಳಗೆ ಬಿಡಿ ಅಂತ ಗೇಟಿನ ಕಿಂಡಿ ಹತ್ರ ಬೇಡಿಕೊಂಡ. ಸೀಲು ಬಿದ್ದ ಮೇಲೆ ಗೇಟಿನಡಿ ಬಳಿದಿರೋ ಬಿಳಿ ಗೆರೆ ದಾಟಿದ್ರೆ ಜೈಲೇ ಗತಿ ಅಂತ ಹೇಳಿ ಸಾಹೇಬ ಕಿಂಡಿ ಹಾಕ್ಕೊಂಡ. ಚಳಿ ಅಂದ್ರೆ ಮೂಳೆ ಕೊರೆಯೋ ಚಳಿ. ಬೈಕು ಸ್ಟಾರ್ಟ್ ಆಗಲಿಲ್ಲ. ಎರಡು ಗೇಟಿನ ನಡುವೆ, ಕತ್ತಲಲ್ಲಿ ಅದನ್ನ ತಳ್ಳಿಕೊಂಡು ಹೊರಟ. ಅರ್ಧ ದಾರೀಲಿ ಒಂದು ಹಾಳು ಬಾವಿ...

ಕ್ಲಿಕ್... ಕ್ಲಿಕ್... ಕ್ಲಿಕ್...

ಸೈಕಲ್ ಚಕ್ರದ ಸದ್ದು. ಬಾವಿ ಪಕ್ಕದಲ್ಲಿ ಒಬ್ಬಳು ಹೆಂಗಸು, ಚೀಲಗಳನ್ನ ಹೇರಿದ ಸೈಕಲ್ ತಳ್ಳಿಕೊಂಡು ಬಂದಳು.

"ನಿಮ್ಮನ್ನೂ ದಬ್ಬಿದ್ನಾ?" ಅಂದಳು, ಪಿಸುಮಾತಲ್ಲಿ.

ಜೊತೆಗೊಬ್ಬರು ಸಿಕ್ಕಿದ್ರಲ್ಲ ಅಂತ ಇವನಿಗೆ ಸಮಾಧಾನ. ಅವಳು ತನ್ನ ಪಾಸ್‌ಪೋರ್ಟ್ ಬಿಚ್ಚಿದಳು. ಟಾರ್ಚ್ ಬಿಟ್ಟು ನೋಡ್ತಾನೆ, ಅದೇ ಸೀಲು, ಅದೇ ಸಹಿ. ತಾರೀಖು ನಾಲ್ಕು ವರ್ಷ ಹಿಂದಿನದು.

"ರಾತ್ರಿಯೆಲ್ಲ ಗೇಟು ಬಡಿದೆ. ಒಳಗೆ ನಗ್ತಿದ್ರು... ಬೆಳಗಿನ ಜಾವಕ್ಕೆ ಚಳಿ ಆಗೋದು ನಿಂತೋಯ್ತು."

ಅಲೆಮಾರಿ ಒಂದು ಹೆಜ್ಜೆ ಹಿಂದೆ ಸರಿದ. ಅವಳು ಮಾತು ಮುಂದುವರಿಸಿದಳು.

"ನನಗೂ ಸೀಲು ಬಿದ್ದಿದೆಯಲ್ಲ, ಗೆರೆ ದಾಟೋ ಹಾಗಿಲ್ಲ. ಅವನೇ ಈಚೆ ಬರಬೇಕು."

ದೆವ್ವವಾದ್ರೂ ಕಾನೂನು ಬಿಡಲಿಲ್ಲ ನೋಡಿ! ಆಮೇಲೆ ಇವನ ಬೈಕಿನ ಕಾಗದದ ಫೈಲಿನ ಮೇಲೆ ಬೆರಳಿಟ್ಟಳು. ಗಾಡಿ ದೇಶ ಬಿಡುವಾಗ ಅದರ ಕಾಗದದ ಅರ್ಧ ಚೀಟಿಯನ್ನ ಸಾಹೇಬರು ಹರಿದಿಟ್ಟುಕೊಳ್ಳಬೇಕು. ಅದಿಲ್ಲದಿದ್ರೆ ನೌಕರಿಗೇ ಕುತ್ತು. ಇಸ್ಪೀಟಿನ ಅವಸರದಲ್ಲಿ ಆ ಸಾಹೇಬ ಹರಿದುಕೊಂಡಿರಲೇ ಇಲ್ಲ.

ಏನು ಮಾಡಬೇಕು ಅಂತ ಅಲೆಮಾರಿಗೆ ಅರ್ಥವಾಯ್ತು. ಬೇಡ ಅನ್ನಬಹುದಿತ್ತು. ಆದ್ರೆ ಮೈಯೆಲ್ಲ ಉರೀತಿತ್ತು ಅವನಿಗೆ.

ಬೈಕು ಅಲ್ಲೇ ಬಿಟ್ಟು, ವಾಪಸ್ ಹೋಗಿ ಕಿಂಡಿ ತಟ್ಟಿ, ಚೀಟಿ ನನ್ನ ಹತ್ರಾನೇ ಉಳಿದಿದೆ ಅಂತ ಹೇಳಿದ. ಸಾಹೇಬನ ಮುಖ ಬಿಳಿಚಿಕೊಂಡಿತು. ಕಿರ್ರ್... ಗೇಟು ತೆಗೆದ. ಅಷ್ಟರಲ್ಲಿ ಇವನು ಗೆರೆಯಿಂದ ಹತ್ತು ಹೆಜ್ಜೆ ದೂರ ಸರಿದು ನಿಂತಿದ್ದ.

"ಇಲ್ಲಿ ತಂದು ಕೊಡೋ."

"ಗೆರೆ ದಾಟಿದ್ರೆ ಜೈಲು ಅಂದ್ರಲ್ಲ ಸಾಹೇಬ್ರೇ. ನೀವೇ ಬನ್ನಿ."

ಸಾಹೇಬ ಬೈಕೊಳ್ತಾ ಗೆರೆ ದಾಟಿ ಬಂದ. ಒಂದು ಹೆಜ್ಜೆ... ಎರಡು... ಚೀಟಿಗೆ ಕೈ ಹಾಕಿದ. ಅಲೆಮಾರಿಯ ಬೆನ್ನ ಹಿಂದೆ ಕ್ಲಿಕ್... ಕ್ಲಿಕ್... ಗೇಟು ಧಡಾರ್ ಅಂತ ಬಡಿದುಕೊಂಡಿತು. ಅಲೆಮಾರಿ ತಿರುಗಿ ನೋಡದೆ ಓಡಿದ. ಆಚೆ ಗೇಟಿನ ಗೋಡೆಗೆ ಮುದುರಿ, ಇದ್ದಬದ್ದ ಬಟ್ಟೆಯೆಲ್ಲ ಸುತ್ತಿಕೊಂಡು ಕೂತ.

ಢಣ್... ಢಣ್... ಢಣ್... ಕಬ್ಬಿಣ ಬಡಿಯೋ ಸದ್ದು. ನಾಲ್ಕು ಮೈಲಿ ಆಚೆಗೂ ಕೇಳ್ತಿತ್ತು. ಬರ್ತಾಬರ್ತಾ ಸಣ್ಣಗಾಯ್ತು. ಬೆಳಗಿನ ಜಾವಕ್ಕೆ ನಿಂತೋಯ್ತು.

"ಎದ್ದು ಹೋಗಿ ನೋಡಲಿಲ್ಲ ಯಾಕಣ್ಣ?" ಅಂತ ಆಮೇಲೆ ನಾನೇ ಕೇಳಿದೆ. "ಹೋಗಬೇಕು ಅನ್ನಿಸಲಿಲ್ಲ" ಅಂದ.

ಬೆಳಿಗ್ಗೆ ಆ ಕಡೆಯಿಂದ ಬಂದ ಲಾರಿ ಡ್ರೈವರ್ ಹೇಳಿದನಂತೆ. ಸಾಹೇಬ ಗೆರೆಗೆ ಬೂಟು ತಾಗಿಸಿಕೊಂಡು ಕೂತಲ್ಲೇ ಸೆಟೆದು ಹೋಗಿದ್ದ. ಎರಡೂ ಮುಷ್ಟಿಯ ಚರ್ಮ ಕಿತ್ತು ಬಂದಿತ್ತು. ಒಳಗೆ ಎಲೆ ಆಡ್ತಿದ್ದ ಮೂವರೂ ಆಣೆ ಮಾಡಿ ಒಂದೇ ಮಾತು ಹೇಳಿದ್ರಂತೆ. ಯಾವ ಸದ್ದೂ ಕೇಳಿಸಲಿಲ್ಲ, ಗೇಟನ್ನ ಯಾರೂ ಮುಚ್ಚಿರಲಿಲ್ಲ ಅಂತ.

ಹೆಣ ಎತ್ತಿದವರಲ್ಲಿ ಆ ಡ್ರೈವರೂ ಒಬ್ಬ. ಸುಳ್ಳು ಹೇಳಿ ಅವನಿಗೇನಾಗಬೇಕು, ನನಗೇನಾಗಬೇಕು? ಗೇಟು ರಾತ್ರಿಯಿಡೀ ಹಾರುಹೊಡೆದೇ ಇತ್ತು.