ತಪ್ಪಿದ ಮೀನಿನ ಅಳತೆ

ಒಂದು ಘೋರ ಸುದ್ದಿ ಕೇಳಿ. ಒಂದು ಮೀನು ತಪ್ಪಿಸಿಕೊಂಡಿತು.

ಯಾವ ನಾಡು ಅಂತ ಕೇಳಬೇಡಿ. ಹೊಳೆ ಹೋಗಿ ಸಮುದ್ರ ಸೇರುವ ಒಂದು ನಾಡು. ಯಾವ ಕಾಲ ಅಂತಲೂ ಕೇಳಬೇಡಿ. ನಿಮ್ಮ ಅಜ್ಜನ ಅಜ್ಜ ಇನ್ನೂ ತೊಟ್ಟಿಲಿಗೆ ಬಂದಿರದ ಕಾಲ. ಸುದ್ದಿ ಮುಟ್ಟಿದ್ದೇ ತಡ, ಎಲೆಯಡಿಕೆ ಅಗಿಯುವವರು ಅಗಿಯುವುದನ್ನು ನಿಲ್ಲಿಸಿದರು. ಹೆಂಗಸರು ಕೊಡ ಇಳಿಸಿ ನಿಂತರು. ಹಿರಿಯರು ಕಟ್ಟೆಗೆ ಬಂದು ಕೂತರು.

ಯಾಕೆ, ಆ ಊರಿಗೆ ಬೇರೆ ಕಷ್ಟ ಇರಲಿಲ್ಲವೇ? ಇತ್ತು. ಆದರೆ ಅದು ಬೇಸಿಗೆ. ಭತ್ತ ಕಣಜ ಸೇರಿತ್ತು, ಮಳೆ ದೂರವಿತ್ತು, ಗಂಡಸರಿಗೆ ಕೆಲಸವಿರಲಿಲ್ಲ. ಕೆಲಸವಿಲ್ಲದ ಗಂಡಸರು ಗಾಳ ಹಿಡಿದು ನೀರಿನ ಮುಂದೆ ಕೂರುತ್ತಿದ್ದರು. ಹೊಟ್ಟೆಗಾಗಿ ಅಲ್ಲ. ಊಟದ ಮೀನನ್ನು ಬಲೆಯವರು ಮನೆ ಬಾಗಿಲಿಗೇ ತರುತ್ತಿದ್ದರು. ಇದು ಮೀಸೆಗಾಗಿ.

ಅಲ್ಲೊಂದು ಕಟ್ಟಳೆ ಇತ್ತು. ಹಿಡಿದ ಮೀನನ್ನು ಯಾರು ಬೇಕಾದರೂ ಅಳೆಯಬಹುದು. ತಪ್ಪಿದ ಮೀನಿನ ಅಳತೆಯನ್ನು ಮಾತ್ರ ಗಾಳ ಹಾಕಿದವನು ಹೇಳುವಂತಿಲ್ಲ, ಪಕ್ಕದಲ್ಲಿ ಕೂತವನು ಹೇಳಬೇಕು. ಕಟ್ಟೆಯ ಮುಂದೆ ನಿಂತು ಎರಡು ಕೈ ಅಗಲಿಸಿ ತೋರಿಸಬೇಕು. ಅವನು ತೋರಿಸಿದ್ದೇ ಅಳತೆ, ಮತ್ತೆ ಬದಲಾಗುವುದಿಲ್ಲ. ಗಂಡಸರ ಬಾಯಲ್ಲಿ ಮೀನು ದಿನದಿನಕ್ಕೆ ಬೆಳೆಯುವುದನ್ನು ಕಂಡು ಯಾರೋ ಹೆಂಗಸು ಮಾಡಿಸಿದ ಕಟ್ಟಳೆ ಇರಬೇಕು.

ಮೀನು ತಪ್ಪಿಸಿಕೊಂಡದ್ದು ಬೀರಣ್ಣನ ಗಾಳದಿಂದ. ಪಕ್ಕದಲ್ಲಿ ಕೂತಿದ್ದವನು ಹಮ್ಮಣ್ಣ, ಬೀರಣ್ಣನ ಹೆಂಡತಿ ದೇವಮ್ಮನ ತಮ್ಮ. ಹಮ್ಮಣ್ಣ ಮೀನನ್ನು ಕಣ್ಣಾರೆ ಕಂಡಿದ್ದ. ಎರಡು ಮೊಳಕ್ಕೆ ಕಡಿಮೆ ಇರಲಿಲ್ಲ. ಆದರೆ ಹಿಂದಿನ ಬೇಸಿಗೆಯಲ್ಲಿ ಹಮ್ಮಣ್ಣನ ಮೀನು ತಪ್ಪಿದಾಗ ಪಕ್ಕದಲ್ಲಿದ್ದವನು ಇದೇ ಭಾವ. ಆಗ ಭಾವ ಕೈ ಅಗಲಿಸಿರಲಿಲ್ಲ, ಕಿರುಬೆರಳು ಎತ್ತಿ ತೋರಿಸಿದ್ದ. ಊರು ಮಳೆಗಾಲವಿಡೀ ನಕ್ಕಿತ್ತು.

ಹಮ್ಮಣ್ಣ ಕಟ್ಟೆಯ ಮುಂದೆ ನಿಂತ. ಭಾವನ ಮುಖ ನೋಡಿದ. ಕೈ ಎತ್ತಿದ.

"ಒಂದು ಗೇಣು," ಅಂದ.

ಊರು ನಕ್ಕಿತು. ಮುದುಕರು ನಕ್ಕರು, ಮುದುಕಿಯರು ನಕ್ಕರು, ಬೀರಣ್ಣನ ಸ್ವಂತ ಆಳು ಬೇಲಿಯ ಆಚೆ ಹೋಗಿ ನಕ್ಕು ಬಂದ.

ಮನೆಯಲ್ಲಿ ಬೀರಣ್ಣ ಬಟ್ಟಲು ತಳ್ಳಿದ. "ಅಂವ ನಿನ್ನ ತಮ್ಮನೋ, ನನ್ನ ಶತ್ರುವೋ?"

"ಎರಡೂ ಆಗಲಿಕ್ಕೆ ಎಂತ ತೊಂದರೆ?" ಅಂದಳು ದೇವಮ್ಮ. "ಉಣ್ಣಿ, ಗಂಜಿ ಆರ್ತದೆ."

"ಅದೇ ಮೀನನ್ನ ಹಿಡಿದು ಕಟ್ಟೆ ಮೇಲೆ ಕೆಡವಿಯೇ ಉಣ್ಣೋದು. ಗೇಣು ಅಂದವನೇ ಪಕ್ಕದಲ್ಲಿ ಕೂತು ನೋಡಬೇಕು."

ಹಮ್ಮಣ್ಣ ಆಗುವುದಿಲ್ಲ ಅಂದ. ದೇವಮ್ಮ ತಮ್ಮನನ್ನು ಹಿತ್ತಲಿಗೆ ಕರೆದಳು. "ಹೋಗು ತಮ್ಮಾ. ಅವರ ಮೋರೆ ನನಗೆ ಸರಿ ಕಾಣ್ತಾ ಇಲ್ಲ. ಮೀನು ಬಾರದಿದ್ದರೂ ಅಡ್ಡಿಲ್ಲ, ಅವರನ್ನ ಹಿಂದೆ ಕರ್ಕೊಂಡು ಬಾ."

ಕೇಳಿ, ಮೊದಲು ಅವರು ಹೋದದ್ದು ಹೊಳೆಯ ಮಡುವಿಗೆ. ಸಿಹಿ ನೀರು. ಗಾಳಕ್ಕೆ ಎರೆಹುಳು. ಬೀರಣ್ಣ ಬಿಸಿಲಿನಲ್ಲಿ ಬೆಂದ, ಅಂಗೈಯಷ್ಟು ಮೀನು ಬಂತು. "ಇದಲ್ಲ," ಅಂತ ಎಸೆದ. ಹಮ್ಮಣ್ಣನಿಗೆ ನಿಜ ಗಂಟಲಿಗೆ ಬಂತು. ನುಂಗಿದ.

ಮೀನು ಕೆಳಕ್ಕೆ ಇಳಿದಿರಬೇಕು ಅಂತ ಆಮೇಲೆ ಹೋದದ್ದು ಹೊಳೆ ಸಮುದ್ರ ಸೇರುವ ಅಳಿವೆಗೆ. ಅಲ್ಲಿ ನೀರು ಸಿಹಿಯೂ ಅಲ್ಲ, ಉಪ್ಪೂ ಅಲ್ಲ. ಗಾಳಕ್ಕೆ ಕಪ್ಪೆಮರಿ. ಬೀರಣ್ಣನ ತುಟಿ ಒಡೆಯಿತು, ಮೊಣಕೈಯಷ್ಟು ಮೀನು ಬಂತು. "ಇದೂ ಅಲ್ಲ," ಅಂತ ಎಸೆದ. ಹಮ್ಮಣ್ಣನಿಗೆ ನಿಜ ನಾಲಗೆಗೆ ಬಂತು. ನುಂಗಿದ.

ಕಡೆಗೆ ಹೋದದ್ದು ಸಮುದ್ರದ ಬಂಡೆಗೆ. ಪೂರಾ ಉಪ್ಪು ನೀರು. ಗಾಳಕ್ಕೆ ಸೀಗಡಿ. ಇಳಿತದಲ್ಲಿ ಆ ಬಂಡೆಗೆ ನಡೆದೇ ಹೋಗಬಹುದು. ಭರತ ಬಂದು ನೀರು ಏರಿದರೆ ಬಂಡೆ ಇದ್ದ ಗುರುತೂ ಉಳಿಯುವುದಿಲ್ಲ. ಬೀರಣ್ಣ ಗಾಳದ ಹುರಿಯ ತುದಿಯನ್ನು ಸೊಂಟಕ್ಕೆ ಸುತ್ತಿ ಗಂಟು ಹಾಕಿಕೊಂಡ.

"ಇದೆಂತ ಭಾವ, ಕೋಣ ಕಟ್ಟಿದ ಹಾಗೆ?"

"ಕೈಯಿಂದ ಜಾರಿತ್ತಲ್ಲ, ಈ ಸಲ ಹೇಗೆ ಜಾರ್ತದೆ ನೋಡುವ."

ನೀರು ಪಾದಕ್ಕೆ ಬಂತು. "ಭಾವ, ಏಳಿ," ಅಂದ ಹಮ್ಮಣ್ಣ. ಏಳಲಿಲ್ಲ. ನೀರು ಮೊಣಕಾಲಿಗೆ ಬಂತು. "ಭಾವ, ಅಕ್ಕ ಕಾಯ್ತಾಳೆ." ಕೇಳಲಿಲ್ಲ. ನೀರು ಸೊಂಟಕ್ಕೆ ಬಂದಾಗ ಹುರಿ ಬಿಗಿಯಿತು. ದೂರದಲ್ಲೊಂದು ಬೆನ್ನು ಮೇಲೆದ್ದು ಹೊಳೆದು ಮುಳುಗಿತು. ಮಾರುದ್ದದ ಬೆನ್ನು.

"ಕಂಡಿಯೇನೋ ಗೇಣಿನ ಸಾಹುಕಾರ?" ಬೀರಣ್ಣ ಕೂಗಿದ. ಅವನ ಕಾಲು ಪಾಚಿಯ ಮೇಲೆ ಜಾರುತ್ತಿತ್ತು.

ಹಮ್ಮಣ್ಣ ಸೀಗಡಿ ಕೊಯ್ಯುವ ಚೂರಿ ತೆಗೆದ. "ಹುರಿ ಕೊಯ್ತೇನೆ ಭಾವ!" ಬೀರಣ್ಣ ಚೂರಿ ಕಿತ್ತು ಸಮುದ್ರಕ್ಕೆ ಎಸೆದ.

ಆಗ ಹಮ್ಮಣ್ಣ ಅಷ್ಟು ದಿನ ನುಂಗಿದ್ದನ್ನು ಕಕ್ಕಿದ. "ಭಾವ, ಹಿಂದಿನದು ಎರಡು ಮೊಳ ಇತ್ತು! ನಾನು ಸೇಡಿಗೆ ಸುಳ್ಳು ಹೇಳಿದೆ. ಕಟ್ಟೆಯಲ್ಲೂ ಹೇಳ್ತೇನೆ. ಗಂಟು ಬಿಚ್ಚಿ, ನಿಮ್ಮ ಕಾಲು ಹಿಡೀತೇನೆ!"

ಬೀರಣ್ಣ ಅವನನ್ನು ಕನಿಕರದಿಂದ ನೋಡಿದ. ಹೌದು, ಕನಿಕರದಿಂದಲೇ.

"ಜೀವಭಯಕ್ಕೆ ಸುಳ್ಳು ಹೇಳ್ತಿ, ಮಾರಾಯ. ಗೇಣು ಅಂದಾಗ ಊರೆಲ್ಲ ನಂಬಿತು. ಎರಡು ಮೊಳ ಅಂದರೆ ಈಗ ಯಾರು ನಂಬ್ತಾರೆ? ನಾನೇ ನಂಬೋದಿಲ್ಲ. ಮೀನೇ ಬೇಕು."

ಅಲೆ ಬಂತು. ಬೀರಣ್ಣ ಹೋದ. ಹಮ್ಮಣ್ಣನ ಕೈಗೆ ಸಿಕ್ಕಿದ್ದು ಅವನ ತಲೆಗೆ ಸುತ್ತಿದ್ದ ಪಂಚೆ.

ಹಮ್ಮಣ್ಣ ಅರ್ಧ ಈಜಿ ಅರ್ಧ ತೆವಳಿ ದಡ ಸೇರಿದ. ಊರು ಅತ್ತಿತು. ಅತ್ತು ಮುಗಿದ ಮೇಲೆ ಕಟ್ಟಳೆ ಮುಗಿಸಬೇಕಲ್ಲ? ತಪ್ಪಿದ ಮೀನು, ಪಕ್ಕದಲ್ಲಿದ್ದವನು ಅವನೇ. ಹಮ್ಮಣ್ಣ ಕಟ್ಟೆಯ ಮುಂದೆ ನಿಂತು ಎರಡು ತೋಳನ್ನೂ ಕೀಲು ಕಳಚುವಷ್ಟು ಅಗಲಿಸಿದ.

"ಇಷ್ಟು. ಹಿಂದಿನದೂ ಗೇಣಲ್ಲ, ಎರಡು ಮೊಳ."

ಕಟ್ಟೆಯ ಹಿರಿಯ ಎದ್ದು ಬಂದು ಆ ತೋಳುಗಳನ್ನು ಮೆಲ್ಲಗೆ ಹತ್ತಿರ ತಂದ. "ಪಾಪ, ದುಃಖದಲ್ಲಿದ್ದಾನೆ. ಸತ್ತವರ ಮೀನು ದೊಡ್ಡದಾಗಿಯೇ ಕಾಣ್ತದೆ. ಒಂದು ಮೊಳ ಅಂತ ಇಡುವ. ಹಿಂದಿನದು ಗೇಣು ಅಂತ ಆಗಿಹೋಗಿದೆ, ಬದಲಿಸಲಿಕ್ಕೆ ಬರುವುದಿಲ್ಲ."

ದೇವಮ್ಮ ಮೀನಿನ ಅಳತೆ ಕೇಳಲಿಲ್ಲ. ತಮ್ಮನನ್ನು ಒಂದೇ ಕೇಳಿದಳು. "ಅವರೆಲ್ಲಿ?"

ಕಥೆ ಇಷ್ಟೇ. ಹೇಳಿದ ನನ್ನ ಬಾಯಿ ಒಣಗಿತು, ಕೂತ ನಿಮ್ಮ ಕಾಲು ಜೋಮು ಹಿಡಿಯಿತು. ಏಳಿ.

ಬೀರಣ್ಣನ ಹೆಣ ಅಳಿವೆಯ ಉಪ್ಪುನೀರಿನ ಬದಿಯಲ್ಲಿ ಬಲೆಯವರಿಗೆ ಸಿಕ್ಕಿತು. ಸೊಂಟದ ಗಂಟು ಹಾಗೇ ಇತ್ತು. ಗಾಳದಲ್ಲಿ ಏನೂ ಇರಲಿಲ್ಲ.