ಪಕ್ಕದ ಮನೆಯ ಪಟ

ಅರವತ್ತೆಂಟನೇ ಇಸವಿ ಇರಬೇಕು. ಕೊಳ್ಳೇಗಾಲದ ಸ್ಟುಡಿಯೊದಲ್ಲಿ ನನ್ನ ಫೋಟೊಗಾಗಿ ಕಾಯುತ್ತ ಕೂತಿದ್ದೆ. ಬಾಗಿಲ ಬಳಿಯ ಗಾಜಿನ ಪೆಟ್ಟಿಗೆಯಲ್ಲಿ ಹನೂರು ರಸ್ತೆಯ ಪಟವೊಂದಿತ್ತು: ಮಾದೇಶ್ವರನ ಬೆಟ್ಟಕ್ಕೆ ನಡೆದು ಹೋಗುವ ಪರಸೆ, ಒಂದು ಗಾಡಿ, ಸಾಲು ಮನೆಗಳು. ಅದರಲ್ಲಿ ನೋಡುವಂಥದ್ದೇನೂ ನನಗೆ ಕಂಡಿರಲಿಲ್ಲ. ಇಬ್ಬರು ಹೆಂಗಸರು ಬಂದು ಅದರ ಮುಂದೆ ನಿಂತರು. ವಾರಗಿತ್ತಿಯರಿರಬೇಕು.

“ಅಕ್ಕಾ, ಇದು ನಮ್ಮನೆ ಅಲ್ವಾ?” ಎಂದಳು ಕಿರಿಯವಳು.

“ಊಂ ಕಣೇ, ನಮ್ ಜಗಲಿ.”

“ಜಗಲಿ ಮುಂದೆ ಚೊಂಬು ಇಡ್ಕಂಡು ನಿಂತೋಳ್ನ ನೋಡು. ಅವತ್ತು ನೀರು ಕೇಳ್ದೋಳು.”

“ಇರಬೈದು.”

“ಬಾಗ್ಲು ತೆಗೀಬ್ಯಾಡ ಅಂದೆ ನೀನು.”

“ಬೆಳಿಗ್ಗೆಯಿಂದ ಸೇದಿ ಸೇದಿ ಕೊಟ್ಟು ರಟ್ಟೆ ಬಿದ್ದೋಗಿತ್ತು ಕಣೇ. ಎಷ್ಟು ಜನಕ್ಕೆ ಅಂತ ಕೊಡೋದು?”

“ಕಿಟಕೀಲಿ ಕಾಣೋ ಮೊಕ ನಂದು, ಅಕ್ಕಾ.”

“ಯಾರ್ಗೂ ಗೊತ್ತಾಗಾಕಿಲ್ಲ. ನಡಿ, ಬಸ್ಸು ಬತ್ತದೆ.”

ಕಿರಿಯವಳು ಕಣ್ಣೊರೆಸಿಕೊಂಡು ಹೊರಟಳು. ಹಿರಿಯವಳು ಮಾತ್ರ ಹಿಂತಿರುಗಿ ಸ್ಟುಡಿಯೊದೊಳಗೆ ಇಣುಕಿ ಫೋಟೊ ತೆಗೆಯುವವನನ್ನು ಕೇಳಿದಳು.

“ಸಾ, ಇದ್ರ ಪಕ್ಕದ ಮನೆ ಪಟ ಐತಾ?”

“ಇಲ್ಲಮ್ಮ, ತೆಗ್ದಿದ್ದು ಇದೊಂದೇ. ಯಾಕೆ?”

“ಅಲ್ಲಾದ್ರೂ ಬಾಗ್ಲು ತೆಗುದ್ರಾ ಅಂತ...”

ಬಸ್ಸಿನ ಹಾರನ್ ಕೇಳಿಸಿತು. ಅವಳು ಪಟದ ಕಡೆ ನೋಡದೆ ಓಡಿದಳು.